ಊಟ, ನಿದ್ದೆ, ಮಾತು, ಫಿಯಟ್

೩ ಸೆಪ್ಟೆಂಬರ್ ೨೦೦೧, ಸೋಮವಾರ

ಊಟ: ಒಂದೂವರೆ ಚಪಾತಿ, ಎರಡು ತುತ್ತು ಅನ್ನ.
ನಿದ್ದೆ: ಮೂರು ಗಂಟೆ ಇರಬಹುದು.
ಮಾತು: ಮೂರು. “ಸಾಕು”, “ಹೂಂ”, “ಪೇಪರ್”.

ಡಾಕ್ಟರು ಹೀಗೇ ಬರೆಯಲು ಹೇಳಿದ್ದಾರೆ. “ಬೇರೆ ಏನೂ ಬೇಡಮ್ಮ. ಯಜಮಾನ್ರ ಊಟ ಎಷ್ಟು, ನಿದ್ದೆ ಎಷ್ಟು, ಮಾತು ಎಷ್ಟು. ಡಿಸೆಂಬರ್ ಕೊನೇಲಿ ಪುಸ್ತಕ ತಗೊಂಡು ಬನ್ನಿ. ಅಷ್ಟರಲ್ಲಿ ಸುಧಾರಿಸದಿದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಒಂದೆರಡು ತಿಂಗಳು ಅಲ್ಲೇ ಇಟ್ಕೊಳ್ತಾರೆ” ಅಂದರು. ಆ “ಇಟ್ಕೊಳ್ತಾರೆ” ಕೇಳಿದ ಮೇಲೆ ಬರುವ ದಾರಿಯಲ್ಲೇ ಈ ಪುಸ್ತಕ ಕೊಂಡೆ. ಇವರನ್ನು ಬಿಟ್ಟು ನಾನು ಒಂದು ವಾರವೂ ಇದ್ದವಳಲ್ಲ.

ಇವರು ಜೂನ್ ಕೊನೆಗೆ ಕಾರ್ಖಾನೆ ಬಿಟ್ಟರು. ಬಿಟ್ಟರು ಅನ್ನಬೇಕೋ ಕಳಿಸಿದರು ಅನ್ನಬೇಕೋ ಗೊತ್ತಿಲ್ಲ, ಕಾಗದದಲ್ಲಿ ಸ್ವಯಂ ನಿವೃತ್ತಿ ಅಂತಿದೆ. ಭದ್ರಾವತಿಯ ಮೆಷಿನ್ ಶಾಪಿನಲ್ಲಿ ಇಪ್ಪತ್ತೇಳು ವರ್ಷ ಇನ್‌ಸ್ಪೆಕ್ಟರ್. ಇವರು ಸೀಮೆಸುಣ್ಣದಲ್ಲಿ “ಸರಿ” ಅಂತ ಬರೆದು ಪಕ್ಕದಲ್ಲಿ ತಮ್ಮ ಹೆಸರಿನ “ಶಿ” ಹಾಕದೆ ಒಂದು ತುಂಡು ಕಬ್ಬಿಣವೂ ಹೊರಗೆ ಹೋಗುತ್ತಿರಲಿಲ್ಲ. ಈಗ ವಿದ್ಯಾನಗರದ ಈ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಭಾನುವಾರ ಮಾತ್ರ ಎದ್ದು ಕಾರ್ಖಾನೆಯ ನೀಲಿ ಪ್ಯಾಂಟು ಅಂಗಿ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕುತ್ತಾರೆ. ಹಾಕಿಕೊಳ್ಳುವುದಿಲ್ಲ. ನಾನು ಮುಟ್ಟುವ ಹಾಗೂ ಇಲ್ಲ.

ಈ ಪುಸ್ತಕವನ್ನು ರಾಗಿ ಡಬ್ಬದ ಹಿಂದೆ ಇಡುತ್ತೇನೆ. ಇವರ ಮಾತು ಎಣಿಸುತ್ತಿದ್ದೇನೆ ಅಂತ ಇವರಿಗೆ ಗೊತ್ತಾಗಬಾರದು.

೯ ಸೆಪ್ಟೆಂಬರ್, ಭಾನುವಾರ

ಊಟ: ಎರಡು ಚಪಾತಿ. ನಿದ್ದೆ: ಗೊತ್ತಿಲ್ಲ, ನಾನೇ ಮಲಗಿಬಿಟ್ಟೆ. ಮಾತು: ಒಂದು.

ಇಸ್ತ್ರಿ ಆಯಿತು.

೧೬ ಸೆಪ್ಟೆಂಬರ್, ಭಾನುವಾರ

ಊಟ: ಸರಿ. ನಿದ್ದೆ: ನಾಲ್ಕು ಗಂಟೆ. ಮಾತು: ಹನ್ನೊಂದು! ಆದರೆ ನನ್ನ ಜೊತೆ ಅಲ್ಲ.

ಶೇಷಪ್ಪ ಬಂದಿದ್ದರು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು, ಇವರ ಜೊತೆಗೇ ಕಾಗದಕ್ಕೆ ಸಹಿ ಹಾಕಿದವರು. ಆ ಮನುಷ್ಯನ ಬಾಯಿಗೆ ಮಾತ್ರ ನಿವೃತ್ತಿ ಆಗಿಲ್ಲ.

“ಶಿವಯೋಗಿ, ಏಳೋ ಮಾರಾಯ. ಮಾಚೇನಹಳ್ಳೀಲಿ ಕಾರ್ ಓಟ ಇಟ್ಟಿದ್ದಾರೆ, ಡಿಸೆಂಬರ್ ಇಪ್ಪತ್ಮೂರಕ್ಕೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಸುತ್ತಬೇಕು ಅಷ್ಟೆ. ಜೋರಾಗಿ ಹೋಗೋರು ಗೆಲ್ತಾರೆ. ನಿಲ್ದೇ ಹೋಗೋರಿಗೂ ಒಂದು ಮರ್ಯಾದೆ ಇದೆ.”

ಯಾವುದೋ ಮೋಟಾರ್ ಕ್ಲಬ್ಬಿನವರು ನಡೆಸುವುದಂತೆ. ಕೈಗಾರಿಕೆ ಶೆಡ್ಡುಗಳಿಗೆ ಅಂತ ಮಣ್ಣು ರಸ್ತೆ ಮಾಡಿ ಖಾಲಿ ಬಿಟ್ಟಿರುವ ಜಾಗದಲ್ಲಿ. ಗಾಡಿಗೆ ಹದಿನೈದು ವರ್ಷ ತುಂಬಿರಬೇಕು, ಬೆಲೆ ಹೊಸ ಸ್ಕೂಟರಿಗಿಂತ ಕಮ್ಮಿ ಇರಬೇಕು, ಓಡಿಸುವವರು ಮೂರು ಜನ, ಒಬ್ಬರು ಒಂದು ಸಲಕ್ಕೆ ಒಂದೇ ಗಂಟೆ. ಇವರು, ಶೇಷಪ್ಪ, ಮಾಚೇನಹಳ್ಳಿಯಲ್ಲಿ ಲೇತ್ ಇಟ್ಟಿರುವ ನಾಗಯ್ಯ, ಹೀಗೆ ಮೂವರೂ ನಿಗದಿಯಾಗಿಬಿಟ್ಟಿದ್ದಾರೆ. ಶೇಷಪ್ಪ ಹಳೇ ಫಿಯಟ್ಟೊಂದನ್ನು ನೋಡಿಟ್ಟಿದ್ದಾರಂತೆ.

ಇವರು ಮೊದಲು ಕೇಳಿದ್ದು: “ಇಂಜಿನ್ ಸೀಜ್ ಆಗಿಲ್ಲ ತಾನೆ?”

ನನಗೆ ತಲೆಬುಡ ಅರ್ಥವಾಗಲಿಲ್ಲ. ಐವತ್ತೆರಡು ವರ್ಷದ ಗಂಡಸರು ಎಂಟು ಗಂಟೆ ಸುತ್ತಿ ಸುತ್ತಿ ಎಲ್ಲಿಗೂ ಹೋಗದೆ ವಾಪಸು ಬರುತ್ತಾರಂತೆ. ಇದು ಸುಧಾರಣೆಯೋ, ಉಲ್ಬಣವೋ?

೨೨ ಸೆಪ್ಟೆಂಬರ್, ಶನಿವಾರ

ಗಾಡಿ ಬಂತು. ಅಂದರೆ ಶೇಷಪ್ಪ ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಎಪ್ಪತ್ತೊಂಬತ್ತರ ಫಿಯಟ್ಟು. ಬಣ್ಣ ಬಿಳಿಯೋ ಹಳದಿಯೋ ಹೇಳುವ ಹಾಗಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಪಕ್ಕದ ಮನೆಯ ಶಕುಂತಲಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, “ಗುಜರಿ ವ್ಯಾಪಾರ ಶುರು ಮಾಡಿದ್ರಾ?” ಅಂದರು. ಮಾನ ಹೋದಂತಾಯಿತು.

ಊಟ: ಮಾಡಲಿಲ್ಲ, ಗಾಡಿ ಕೆಳಗಿದ್ದರು.
ನಿದ್ದೆ: ಆರು ಗಂಟೆ! ಗೊರಕೆ ಸಮೇತ.
ಮಾತು: ಗೊತ್ತಾಗಲಿಲ್ಲ.

೩೦ ಸೆಪ್ಟೆಂಬರ್, ಭಾನುವಾರ

ಇವರು ಗಾಡಿಯ ಜೊತೆ ಮಾತಾಡುತ್ತಾರೆ. ಕಿವಿಯಾರೆ ಕೇಳಿದೆ. “ಬಾ ಬಾ, ಸ್ವಲ್ಪ ತಿರುಗು, ಹಾಂ” ಅಂತ ಒಂದು ಬೋಲ್ಟಿಗೆ ಹೇಳಿದರು. ಕಾಫಿ ಕೊಟ್ಟೆ. ನನಗೆ “ಹೂಂ”.

ಬೋಲ್ಟಿಗೆ ಹೇಳಿದ್ದನ್ನು ಮಾತಿನ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಡಾಕ್ಟರು ಹೇಳಿಲ್ಲ. ಹಿಡಿದರೆ ನಲವತ್ತು. ಹಿಡಿಯದಿದ್ದರೆ ಒಂದು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

೧೨ ಅಕ್ಟೋಬರ್, ಶುಕ್ರವಾರ

ಹಿಂದಿನ ಸೀಟು, ಒಳಗಿನ ಬಟ್ಟೆ, ಹಿಂದಿನ ಗಾಜು ಎಲ್ಲ ಕಿತ್ತಾಯಿತು. ನಾಗಯ್ಯ ಕಬ್ಬಿಣದ ಪೈಪು ಬಗ್ಗಿಸಿ ಒಳಗೊಂದು ಪಂಜರ ಬೆಸೆದುಕೊಟ್ಟಿದ್ದಾರೆ, ಗಾಡಿ ಪಲ್ಟಿ ಹೊಡೆದರೆ ತಲೆ ಉಳಿಯಲಿ ಅಂತ. ಪಲ್ಟಿ ಹೊಡೆಯುವ ಸಂಭವವಿದೆ ಅನ್ನುವುದು ನನಗೆ ಅದನ್ನು ನೋಡಿದ ಮೇಲೆ ಗೊತ್ತಾಯಿತು.

ಮಧ್ಯಾಹ್ನ ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. “ಏ, ಒಂದ್ ನಿಮಿಷ ಬಾ. ಬ್ರೇಕ್ ತುಳೀಬೇಕು.”

ಬ್ರೇಕಿನ ಎಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕಂತೆ. ನಾನು ಒಳಗೆ ಕೂತು ತುಳಿಯುವುದು, ಇವರು ಚಕ್ರದ ಹತ್ತಿರ ತಿರುಪು ಬಿಚ್ಚುವುದು. “ಒತ್ತು.” “ಹಿಡಿ.” “ಬಿಡು.” “ಒತ್ತು.” ನಾಲ್ಕು ಚಕ್ರಕ್ಕೂ ಹೀಗೇ ಒಂದು ಗಂಟೆ. ಮೊದಮೊದಲು ಎಣಿಸಿದೆ, ಎಪ್ಪತ್ತಾದ ಮೇಲೆ ಬಿಟ್ಟೆ. ಕಾಲು ಸೋತಿತು, ಆದರೆ ಕೊನೆಗೆ ಪೆಡಲು ಗಟ್ಟಿಯಾಗಿದ್ದು ನನ್ನ ಕಾಲಿಗೇ ತಿಳಿಯಿತು. ಇವರು ಹೇಳುವ ಮುಂಚೆ ನಾನೇ, “ಈಗ ಸರಿಯಾಯ್ತು ನೋಡ್ರೀ” ಅಂದೆ. ತಲೆಯಾಡಿಸಿದರು.

ಸಾರು ಸೀದುಹೋಗಿತ್ತು.

೨೫ ಅಕ್ಟೋಬರ್, ಗುರುವಾರ, ಆಯುಧಪೂಜೆ

ಇವತ್ತು ಆಗಿದ್ದೆಲ್ಲ ನನ್ನಿಂದಲೇ. ಇಲ್ಲ, ಇವರಿಂದ. ಯಾರಿಂದ ಅಂತ ಬರೆಯುತ್ತಾ ಹೋದರೆ ತಿಳಿಯಬಹುದು.

ಗಾಡಿ ಮೊದಲ ಸಲ ತನ್ನ ಕಾಲ ಮೇಲೆ ನಿಂತಿದೆ, ಪೂಜೆ ಚೆನ್ನಾಗಿ ಆಗಲಿ ಅಂತ ಬೆಳಿಗ್ಗೆ ನಾನೇ ಗಾಂಧಿ ಬಜಾರಿಗೆ ಹೋಗಿ ಚೆಂಡುಹೂವಿನ ಹಾರ, ಎರಡು ದೊಡ್ಡ ಬಾಳೆಕಂದು ತಂದೆ. ಬಾನೆಟ್ಟಿಗೆ ವಿಭೂತಿ ಮೂರು ಎಳೆ ಎಳೆದೆ, ಶೇಷಪ್ಪ ಅದರ ಮೇಲೆ ಕುಂಕುಮ ಇಟ್ಟರು. ಕುಂಬಳಕಾಯಿ ಒಡೆದದ್ದಾಯಿತು, ಚಕ್ರಕ್ಕೆ ನಿಂಬೆಹಣ್ಣಾಯಿತು. ಬಾಳೆಕಂದುಗಳನ್ನು ಮುಂದಿನ ಜಾಲರಿಗೆ ಅಡ್ಡಡ್ಡ ಕಟ್ಟಿ ಹಾರ ಇಳಿಬಿಟ್ಟೆ. ಮದುವಣಗಿತ್ತಿಯ ಹಾಗೆ ಕಂಡಿತು.

ಆಗ ಶೇಷಪ್ಪ, “ಇವತ್ತು ಕಾರ್ಖಾನೆ ಗೇಟು ಎಲ್ಲರಿಗೂ ತೆಗೆದಿರುತ್ತೆ. ಗಾಡಿ ಅಲ್ಲಿಗೇ ಹೊಡಿ ಶಿವಯೋಗಿ, ನಮ್ಮ ಹುಡುಗ್ರು ನೋಡ್ಲಿ” ಅಂದರು. ಇವರು ಇಲ್ಲ ಅನ್ನುತ್ತಾರೆ ಅಂದುಕೊಂಡೆ. ಇವರು ಬಗ್ಗಿ ಬಾಳೆಕಂದಿನ ಗಂಟಿಗೆ ಕೈ ಹಾಕಿದರು.

“ಅಯ್ಯೋ, ಸಂಜೆ ದೀಪ ಹಚ್ಚೋವರೆಗೂ ಬಿಚ್ಚಬಾರದು” ಅಂದೆ. ಅತ್ತೆ ಇದ್ದಾಗ ನಮ್ಮ ಮನೆಯಲ್ಲಿ ಸೈಕಲ್ಲಿಗೆ ಕಟ್ಟಿದ್ದನ್ನೂ ಬಿಚ್ಚುತ್ತಿರಲಿಲ್ಲ. ಇವರು ಒಂದು ಗಳಿಗೆ ನನ್ನ ಮುಖ ನೋಡಿ ಕೈ ತೆಗೆದರು. ಹೋಗಿ ಸ್ಟೀರಿಂಗಿನ ಮುಂದೆ ಕೂತರು.

ಮೂವರೂ ಹೊರಟೆವು, ಮಾಚೇನಹಳ್ಳಿ ದಾಟುವುದರೊಳಗೆ ಬಾನೆಟ್ಟಿನಿಂದ ಹೊಗೆ. ಗಾಡಿ ಕೆಮ್ಮಿ, ನಡುಗಿ, ನಿಂತೇಬಿಟ್ಟಿತು. ಎಲೆ, ಹೂವು, ದಿಂಡು ಎಲ್ಲ ಸೇರಿ ರೇಡಿಯೇಟರಿಗೆ ಗಾಳಿಯೇ ಹೋಗದಂತೆ ಮುಚ್ಚಿಬಿಟ್ಟಿತ್ತಂತೆ. ನೀರು ಕುದಿದು ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಅಂದರೆ ಇಂಜಿನ್ನಿನ ತಲೆಯನ್ನೇ ಬಿಚ್ಚಬೇಕು.

“ನಿಮಗೆ ಗೊತ್ತಿತ್ತಾ?” ಅಂತ ಕೇಳಿದೆ.

“ಹೂಂ.”

ನನಗೆ ಎಲ್ಲಿತ್ತೋ ಸಿಟ್ಟು. ನಡುರಸ್ತೆಯಲ್ಲಿ, ಬಸ್ಸಿನವರೆಲ್ಲ ನೋಡುತ್ತಿರುವಾಗ ಕೂಗಾಡಿದೆ. “ಗೊತ್ತಿದ್ದೂ ಸುಮ್ನಿದ್ರಾ? ಕಾರ್ಖಾನೇಲಿ ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೆ ವಾಪಸ್ ಕಳಿಸ್ತಿದ್ರಿ. ಮನೇಲಿ ಮಾತ್ರ ಬಾಯಿಗೆ ಬೀಗ. ನಾನೇನು ಬಾಯಿಲ್ಲದ ಕಬ್ಬಿಣಾನಾ? ನಾಲ್ಕು ತಿಂಗಳಿಂದ ಗೋಡೆ ಜೊತೆ ಸಂಸಾರ ಮಾಡ್ತಿದ್ದೀನಿ!” ಶೇಷಪ್ಪ ಮೈಲಿಗಲ್ಲು ನೋಡುತ್ತಾ ನಿಂತಿದ್ದರು.

ಇವರು ಬಾಳೆಕಂದು ಬಿಚ್ಚಿ ರಸ್ತೆ ಬದಿಗಿಟ್ಟು, “ಹೇಳ್ಬೇಕಿತ್ತು” ಅಂದರು.

ಅಷ್ಟೇ. ಒಂದು ಮಾತು. ಇಷ್ಟು ತಿಂಗಳಾದ ಮೇಲೆ ಕಾರ್ಖಾನೆಯ ಗೇಟಿಗೆ ಹೋಗಲು ಮನಸ್ಸು ಮಾಡಿದ್ದರು, ಅದಕ್ಕೂ ನನ್ನ ಬಾಳೆಕಂದು ಅಡ್ಡ ಬಂತು. ಹೋಗಿದ್ದರೆ ಒಳ್ಳೆಯದಾಗುತ್ತಿತ್ತೋ, ಹೋಗದಿದ್ದುದೇ ಒಳ್ಳೆಯದಾಯಿತೋ? ಊಟ ಯಾರೂ ಮಾಡಲಿಲ್ಲ.

೨೮ ಅಕ್ಟೋಬರ್, ಭಾನುವಾರ

ಹಾಳು ಮಾಡಿದವಳು ನಾನು, ಸರಿ ಮಾಡುವುದಕ್ಕೂ ಕೂರುತ್ತೇನೆ ಅಂತ ಕೂತೆ. ಇವರು ಬೇಡ ಅನ್ನಲಿಲ್ಲ. ಹೆಡ್ಡಿನ ತಳಕ್ಕೆ ಮೆತ್ತಿಕೊಂಡ ಕಪ್ಪು ಮಸಿಯನ್ನು ಸೀಮೆಎಣ್ಣೆ, ಹಳೇ ಟೂತ್‌ಬ್ರಷ್ಷು ಹಾಕಿ ತಿಕ್ಕಿದೆ. ಹಬ್ಬಕ್ಕೆ ಹಿತ್ತಾಳೆ ಸಾಮಾನು ತಿಕ್ಕುವ ಕೈ ತಾನೆ. ಒಳಗಿಂದ ಹೊಳಪು ಬಂದಾಗ ಇವರು ಕನ್ನಡಕ ಮೇಲೇರಿಸಿ ಬೆರಳಾಡಿಸಿ ನೋಡಿದರು. ಇನ್ನೊಂದು ಮೂಲೆ ತೋರಿಸಿದರು. ಮತ್ತೆ ತಿಕ್ಕಿದೆ. ನಾಲ್ಕು ಸಲ ವಾಪಸ್ ಕಳಿಸಿದರು, ಐದನೇ ಸಲ ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. ಕಾರ್ಖಾನೆಯಲ್ಲಿ ಇವರ ಕೈಕೆಳಗಿದ್ದವರ ಗತಿ ಈಗ ಗೊತ್ತಾಯಿತು.

ಇಸ್ತ್ರಿ ಮಾಡಲು ಇವರಿಗೆ ಪುರುಸೊತ್ತಾಗಲಿಲ್ಲ.

೧೧ ನವೆಂಬರ್, ಭಾನುವಾರ

ಹೆಡ್ ಕೂತಿತು. ಒಂದೇ ಸೆಲ್ಫಿಗೆ ಸ್ಟಾರ್ಟ್! ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಡೆಗೆ ಬಿಗಿಯುತ್ತಾ ಬರಬೇಕು, ಒಂದೇ ಸಲ ಪೂರ್ತಿ ಬಿಗಿಯಬಾರದು, ಮೂರು ಸುತ್ತಿನಲ್ಲಿ. ರೇಡಿಯೇಟರನ್ನೂ ಬಿಚ್ಚಿ ಒಳಗಿನ ತುಕ್ಕು ತೆಗೆಸಿದೆವು. ಎಡಗಡೆ ಹಿಂದಿನ ಟೈರಿನ ಬಗ್ಗೆ ಇನ್ನೂ ಸಮಾಧಾನವಿಲ್ಲ.

ದಾವಣಗೆರೆಯಿಂದ ತನುಜಾ ಫೋನ್ ಮಾಡಿದ್ದಳು. “ಅಪ್ಪ ಹೇಗಿದ್ದಾರಮ್ಮ?” ಅಂದಳು. “ಪ್ಲಗ್ಗಿನಲ್ಲಿ ಎಣ್ಣೆ ಬರ್ತಿದೆ ಕಣೇ, ಒಂದನೇ ಸಿಲಿಂಡರಿನಲ್ಲಿ ಮಾತ್ರ” ಅಂದೆ. ಮಗಳು, “ನೀನು ಹೇಗಿದ್ದೀಯ?” ಅಂದಳು. ಯಾಕೆ ಹಾಗೆ ಕೇಳಿದಳೋ.

೧೬ ನವೆಂಬರ್, ಶುಕ್ರವಾರ

ನಾಗಯ್ಯ ಇವತ್ತು ಅಯ್ಯಪ್ಪನ ಮಾಲೆ ಹಾಕಿಕೊಂಡರು. ಕಪ್ಪು ಪಂಚೆ ಉಟ್ಟು ಬರಿಗಾಲಲ್ಲಿ ಬಂದು ತಲೆ ಕೆರೆದುಕೊಂಡರು. ಅವರ ಬಸ್ಸು ಶಬರಿಮಲೆಗೆ ಹೊರಡುವುದು ಡಿಸೆಂಬರ್ ಇಪ್ಪತ್ತೆರಡಕ್ಕೆ. ಹದಿನೆಂಟು ವರ್ಷದಿಂದ ಹೋಗುತ್ತಿರುವವರು, ಸೆಪ್ಟೆಂಬರಿನಲ್ಲಿ ಒಪ್ಪಿಕೊಳ್ಳುವಾಗ ನೆನಪಾಗಲಿಲ್ಲವಂತೆ.

ಮೂರು ಜನ ಇಲ್ಲದಿದ್ದರೆ ಹೆಸರು ತೆಗೆದುಕೊಳ್ಳುವುದಿಲ್ಲ. ಇವರು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತರು. ಅದೇ ಮೆಟ್ಟಿಲು, ಅದೇ ಜಾಗ, ಜುಲೈಯಲ್ಲಿ ಕೂರುತ್ತಿದ್ದ ಹಾಗೇ. ನನಗೆ ಹೆದರಿಕೆಯಾಯಿತು. ತುಂಬಾ ಹೆದರಿಕೆಯಾಯಿತು.

“ನಾನು ಓಡಿಸ್ತೀನಿ” ಅಂದೆ.

ಯಾರು ಹೇಳಿದರು ಅಂತ ನಾನೇ ಹಿಂದೆ ತಿರುಗಿ ನೋಡುವಂತಾಯಿತು. ತವರಿನಲ್ಲಿ ಹದಿನೇಳನೇ ವಯಸ್ಸಿಗೆ ಅಪ್ಪನ ಜೀಪನ್ನು ಕಣದಿಂದ ಮನೆಗೆ ತರುತ್ತಿದ್ದೆ, ಅದು ನಿಜ. ಅದಾಗಿ ಮೂವತ್ತು ವರ್ಷ.

ಶೇಷಪ್ಪ ಚಪ್ಪಾಳೆ ತಟ್ಟಿದರು. “ಅತ್ತಿಗೆ, ನೀವು ಮಾರಾಯ್ತಿ ಅಂದ್ರೆ ಮಾರಾಯ್ತಿ!” ಇವರು ಮೆಟ್ಟಿಲಿಂದ ಎದ್ದು ಬಂದರು. ಆಮೇಲೆ, “ಸೋಮವಾರ ಆರ್‌ಟಿಓ ಆಫೀಸಿಗೆ ಹೋಗಬೇಕು. ಫೋಟೋ ಇದೆಯಾ?” ಅಂದರು.

೨ ಡಿಸೆಂಬರ್, ಭಾನುವಾರ

ಮಾಚೇನಹಳ್ಳಿಯ ಮಣ್ಣು ರಸ್ತೆಯಲ್ಲಿ ಮೂರನೇ ದಿನ. ಎಲ್ ಬೋರ್ಡು ಕಟ್ಟಿದ್ದೇವೆ. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇದೆ, ಕೈಗೆ ಚೆನ್ನಾಗಿ ಸಿಗುತ್ತದೆ. ಇವರು ಪಕ್ಕದಲ್ಲಿ ಕೂತು, “ಈಗ ಬಿಡು... ಈಗ ತಿರುಗಿಸು... ಅವಸರ ಬೇಡ” ಅನ್ನುತ್ತಿರುತ್ತಾರೆ. ಶೇಷಪ್ಪ ಕಲಿಸಿದರೆ ಎಲ್ಲವೂ ಕ್ರೇನಿನ ಲೆಕ್ಕ, ಮೇಲೆ ಕೆಳಗೆ.

ಬಿಸಿಲೇರಿದ ಮೇಲೆ ಗಾಡಿ ನಿಂತುಬಿಟ್ಟಿತು. ವಯಸ್ಸಾದ ಗಾಡಿಗಳ ಪೆಟ್ರೋಲ್ ಪಂಪು ಕಾದರೆ ಪೆಟ್ರೋಲು ಒಳಗೇ ಆವಿಯಾಗಿ ಇಂಜಿನ್ನಿಗೆ ಏರುವುದಿಲ್ಲವಂತೆ. ಮದ್ದು ಸುಲಭ. ಒದ್ದೆ ಬಟ್ಟೆ ಸುತ್ತಿ, ನೀರು ಹನಿಸಿ, ಐದು ನಿಮಿಷ ಕಾಯಬೇಕು. ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ. ಇದನ್ನು ಯಾರೂ ನನಗೆ ಎರಡು ಸಲ ಹೇಳಬೇಕಾಗಲಿಲ್ಲ.

ನಾಲ್ಕನೇ ತಿರುವಿನಲ್ಲಿ, ನೀಲಗಿರಿ ಮರಗಳ ಹತ್ತಿರ, ಎರಡನೇ ಗೇರಿಗೆ ಮುಂಚೆಯೇ ಬರಬೇಕು.

೧೫ ಡಿಸೆಂಬರ್, ಶನಿವಾರ

ಕ್ಲಬ್ಬಿನವರು ಚೀಟಿ ಕಳಿಸಿದ್ದಾರೆ. ಓಡಿಸುವವರು ಸೀರೆ, ದುಪಟ್ಟಾ, ಲುಂಗಿ ಹೀಗೆ ಸಡಿಲ ಬಟ್ಟೆ ಹಾಕುವಂತಿಲ್ಲ. ದಪ್ಪ ಹತ್ತಿ ಬಟ್ಟೆ ಇರಬೇಕು. ಈಗ ಹೊಲಿಸುವುದಕ್ಕೆ ಎಲ್ಲಿದೆ ಸಮಯ?

ಸಂಜೆ ಹಾಲಿಗೆ ಹೋಗಿ ಬಂದೆ. ಇವರು ನಡುಮನೆಯಲ್ಲಿ ನೆಲದ ಮೇಲೆ ಕೂತು ಕತ್ತರಿ ಹಿಡಿದಿದ್ದರು. ಮೊಳೆ ಖಾಲಿ. ಕಾರ್ಖಾನೆಯ ನೀಲಿ ಪ್ಯಾಂಟಿನ ಕಾಲನ್ನು ಗೇಣುದ್ದ ಕತ್ತರಿಸಿ ಆಗಿತ್ತು.

“ನಿಲ್ಲು, ಅಳತೆ ನೋಡ್ತೀನಿ” ಅಂದರು.

ಸ್ಕೇಲು ಹಿಡಿದು ನನ್ನ ಪಾದದಿಂದ ಅಳೆದರು. ನಾನು ಗೋಡೆ ನೋಡುತ್ತಾ ನಿಂತೆ. ಯಾಕೋ ಕಣ್ಣಲ್ಲಿ ನೀರು ಬಂತು. ಕತ್ತರಿಸಿದ ಮೇಲೆ ಅದು ಮತ್ತೆ ಇವರಿಗೆ ಆಗುವುದಿಲ್ಲವಲ್ಲ. ಇದು ಒಳ್ಳೆಯ ಲಕ್ಷಣವೋ, ಕೆಟ್ಟ ಲಕ್ಷಣವೋ? ಡಾಕ್ಟರ ಮೂರು ಕಾಲಮ್ಮಿನಲ್ಲಿ ಇದಕ್ಕೆ ಜಾಗವಿಲ್ಲ.

ಅಂಗಿ ಭುಜದಲ್ಲಿ ದೊಡ್ಡದು, ಪರವಾಗಿಲ್ಲ.

೨೦ ಡಿಸೆಂಬರ್, ಗುರುವಾರ

ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಿದೆ! ಕಾಲು ಕೆಳಗಿಡದೆ, ಅಂದರೆ ಗಾಡಿ ಆಫ್ ಮಾಡದೆ. ನನ್ನ ಹಿಂದಿದ್ದ ಮೀಸೆಯ ಹುಡುಗ ಎರಡು ಸಲ ಆಫ್ ಮಾಡಿದ. ಲೈಸೆನ್ಸ್ ಸಿಕ್ಕಿತು.

೨೩ ಡಿಸೆಂಬರ್, ಭಾನುವಾರ

ಮುಖದ ದೂಳು ತೊಳೆದದ್ದೇ ಕೂತಿದ್ದೇನೆ, ಊಟಕ್ಕೆ ಮುಂಚೆ ಬರೆದುಬಿಡುತ್ತೇನೆ.

ಹದಿನಾಲ್ಕು ಗಾಡಿ. ನಮ್ಮದು ಹನ್ನೊಂದನೇ ನಂಬರು. ಹೆಸರು ಬರೆದುಕೊಳ್ಳುವವರು ನನ್ನ ನೀಲಿ ಅಂಗಿ ನೋಡಿ, “ಮೆಕ್ಯಾನಿಕ್ ಯಾರಮ್ಮ?” ಅಂದರು. “ನಾವೇ” ಅಂದೆ. ತುರುಬಿನ ಮೇಲೆ ಹೆಲ್ಮೆಟ್ ಕೂರಲಿಲ್ಲ, ಜಡೆ ಹಾಕಿ ಅಂಗಿಯೊಳಗೆ ಇಳಿಬಿಟ್ಟೆ.

ಶೇಷಪ್ಪ ಮೊದಲು, ಆಮೇಲೆ ಇವರು, ಮೂರನೆಯದು ನಾನು. ಮೊದಲ ಗಂಟೆಯಲ್ಲೇ ಒಂದು ಗಾಡಿಯ ಚಕ್ರ ಕಳಚಿ ಚರಂಡಿಗೆ ಹೋಯಿತು. ಹತ್ತಕ್ಕೆ ನಾನು ಕೂತೆ. ಹೆದರಿ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿಕೊಂಡೆ. ಎರಡು ಸುತ್ತು ಆದ ಮೇಲೆ ಹೆದರಿಕೆ ಎಲ್ಲಿ ಹೋಯಿತೋ. ದೂಳು, ಸದ್ದು, ನೀಲಗಿರಿ ಮರ, ಎರಡನೇ ಗೇರು, ಮತ್ತೆ ದೂಳು. ನಾನು ಎಲ್ಲಿಗೂ ಹೋಗುತ್ತಿರಲಿಲ್ಲ, ಆದರೂ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಇದನ್ನು ಬರೆಯಲು ನನಗೆ ಬರುವುದಿಲ್ಲ.

ಎರಡನೇ ಸಲ ನನ್ನ ಪಾಳಿ ಮಧ್ಯಾಹ್ನ ಒಂದಕ್ಕೆ ಬಂತು. ನೆತ್ತಿಯ ಮೇಲೆ ಬಿಸಿಲು. ನಾಲ್ಕನೇ ತಿರುವಿನಲ್ಲಿ ಗಾಡಿ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿ ನಿಂತಿತು. ನಮ್ಮವರೆಲ್ಲ ಆಚೆ ತುದಿಯಲ್ಲಿ, ಹಗ್ಗದ ಹಿಂದೆ. ಹಗ್ಗ ದಾಟಿ ಬಂದರೆ ಗಾಡಿಯನ್ನು ಓಟದಿಂದ ತೆಗೆಯುತ್ತಾರೆ. ಬಾವುಟದವರು ಬಂದು, “ಎಳೆಸಿಬಿಡೋಣ್ವಾ ಮೇಡಂ?” ಅಂದರು. ಎಳೆಸಿದರೂ ಮುಗಿದಂತೆ. ಒಂದು ಗಳಿಗೆ ಹೂಂ ಅನ್ನೋಣವೆಂದುಕೊಂಡೆ. ಆಗ ಆ ಮೆಟ್ಟಿಲು ನೆನಪಾಯಿತು.

“ಬೇಡ, ಐದು ನಿಮಿಷ” ಅಂದೆ. ಬಾನೆಟ್ ಎತ್ತಿದೆ. ಟವೆಲ್ಲು ಒದ್ದೆ ಮಾಡಿ ಪಂಪಿಗೆ ಸುತ್ತಿದೆ, ಬಾಟಲಿಯ ನೀರು ಸ್ವಲ್ಪ ಸ್ವಲ್ಪವೇ ಹನಿಸಿದೆ. ಹನ್ನೆರಡು ಗಾಡಿಗಳ ದೂಳು ನನ್ನ ಮೇಲೆ. ದೂರದಲ್ಲಿ ಇವರು ಹಗ್ಗಕ್ಕೆ ಒತ್ತಿ ನಿಂತು ಎರಡೂ ಕೈ ಬೀಸುತ್ತಾ ಏನೋ ಕೂಗುತ್ತಿದ್ದರು. ಬಾಯಿ ಅಲ್ಲಾಡುವುದು ಕಾಣಿಸಿತು. ಹೆಲ್ಮೆಟ್ಟು, ಇಂಜಿನ್ನುಗಳ ಸದ್ದು, ಒಂದಕ್ಷರವೂ ಕೇಳಲಿಲ್ಲ. ಕೂತು ಸೆಲ್ಫ್ ಒತ್ತಿದೆ. ಮೂರನೇ ಸಲಕ್ಕೆ ಹೊತ್ತಿತು.

ಆಮೇಲೆ ಶೇಷಪ್ಪ ಹೇಳಿದರು. “ಅತ್ತಿಗೆ, ಆರು ತಿಂಗಳದ್ದು ಒಟ್ಟಿಗೇ ಬಂತು ಬಾಯಿಂದ! ಬಟ್ಟೆ ಸುತ್ತು ಅಂತೆ, ಕೈ ಸುಟ್ಕೊಂಡೀಯ ಅಂತೆ, ಗಾಡಿ ಹಾಳಾಗಿಹೋಗ್ಲಿ ನೀನು ನೆರಳಿಗೆ ಬಾ ಅಂತೆ. ನಿಮ್ಮ ಹೆಸರು ಹಿಡಿದು ಕೂಗ್ತಿದ್ದ, ಬಾವುಟದೋರೆಲ್ಲ ನಗ್ತಿದ್ರು.”

ನನ್ನ ಹೆಸರು! ಮದುವೆಯಾದಾಗಿನಿಂದ “ಏ” ಬಿಟ್ಟರೆ ನಾನು ಬೇರೇನೂ ಕೇಳಿಲ್ಲ. ಮೂರು ತಿಂಗಳು ಒಂದೊಂದೇ ಮಾತು ಹೆಕ್ಕಿ ಎಣಿಸಿದವಳು, ರಾಶಿ ಬಿದ್ದ ದಿನವೇ ಕಿವಿ ಮುಚ್ಚಿಕೊಂಡಿದ್ದೆ. ಏನೇನು ಕೂಗಿದಿರಿ ಅಂತ ಇವರನ್ನೇ ಕೇಳಿದೆ. “ಏನಿಲ್ಲ” ಅಂದರು.

ಕೊನೆಯ ಗಂಟೆ ಇವರೇ ಓಡಿಸಿದರು. ನಾಲ್ಕಕ್ಕೆ ಬಾವುಟ ಬಿದ್ದಾಗ ಆರು ಗಾಡಿ ಓಡುತ್ತಿದ್ದವು. ಆರರಲ್ಲಿ ನಮ್ಮದು ಆರನೆಯದು. ಶೇಷಪ್ಪ ಕುಣಿದಾಡಿದರು. ವಾಪಸು ಬರುವಾಗ ನಾನು ಏನೇನೋ ಹೇಳುತ್ತಿದ್ದೆ, ಮುಂದಿನ ವರ್ಷಕ್ಕೆ ಪಂಪನ್ನು ಇಂಜಿನ್ನಿನಿಂದ ದೂರ ಕೂರಿಸಬೇಕು ಅಂತೆಲ್ಲ.

ಚಪಾತಿ ಮಾಡಬೇಕು. ಊಟ ನಿದ್ದೆ ಆಮೇಲೆ ತುಂಬುತ್ತೇನೆ.

೨೪ ಡಿಸೆಂಬರ್, ಸೋಮವಾರ

ಹನ್ನೊಂದಕ್ಕೆ ಡಾಕ್ಟರು ಬರಹೇಳಿದ್ದಾರೆ. ಪುಸ್ತಕ ಕೊಡುವ ಮುಂಚೆ ಒಂದು ಸಲ ನೋಡೋಣ ಅಂತ ತೆಗೆದೆ. ಅಕ್ಟೋಬರಿನಿಂದ ಈಚೆಗೆ ಇವರ ಊಟವಿಲ್ಲ, ನಿದ್ದೆಯಿಲ್ಲ, ಮಾತಿನ ಲೆಕ್ಕವಿಲ್ಲ. ಬರೀ ಪ್ಲಗ್ಗು, ಗ್ಯಾಸ್ಕೆಟ್ಟು, ನಾನು. ಇಷ್ಟು ಹೇಳಿದ್ದನ್ನೂ ಮಾಡಲಾಗಲಿಲ್ಲವೇ ಅಂತ ಡಾಕ್ಟರು ಕೇಳಿದರೆ ಏನು ಹೇಳಲಿ? ಇವರನ್ನು ಬೆಂಗಳೂರಿಗೆ ಕಳಿಸಿ ಅಂದರೆ?

ಆಮೇಲೆ ಕಂಡಿತು. ಪುಟದ ಅಂಚಿನಲ್ಲಿ ಗ್ರೀಸಿನ ಹೆಬ್ಬೆಟ್ಟು. ಅಡುಗೆಮನೆಯಲ್ಲಿ ಬರೆಯುವಾಗ ನನ್ನದೇ ತಗುಲಿರಬೇಕು ಅಂದುಕೊಂಡೆ. ತಿರುವಿದೆ. ಎಲ್ಲ ಪುಟದಲ್ಲೂ ಇದೆ, ಸೆಪ್ಟೆಂಬರ್ ಮೂರರ ಪುಟದಲ್ಲೂ. ನನ್ನ ಹೆಬ್ಬೆರಳು ಅಷ್ಟು ಅಗಲವಿಲ್ಲ. ನಿನ್ನೆಯ ಪುಟದ ಕೆಳಗೆ, ನಾನು ತುಂಬುತ್ತೇನೆ ಅಂದು ಬಿಟ್ಟ ಜಾಗದಲ್ಲಿ, ಡ್ರಾಯಿಂಗಿನ ಮೇಲೆ ಬರೆಯುವಂಥ ನೆಟ್ಟನೆಯ ಅಕ್ಷರದಲ್ಲಿ ಹೀಗಿದೆ:

ದಾಕ್ಷಾಯಣಿ.
ಊಟ: ಮಧ್ಯಾಹ್ನ ಮರೆತಳು. ರಾತ್ರಿ ಮೂರು ಚಪಾತಿ.
ನಿದ್ದೆ: ಕೂತಲ್ಲೇ, ಹೆಲ್ಮೆಟ್ ಮಡಿಲಲ್ಲಿ ಇಟ್ಟುಕೊಂಡು.
ಮಾತು: ಮಾಚೇನಹಳ್ಳಿಯಿಂದ ಮನೆವರೆಗೆ. ಎಣಿಸಲಿಲ್ಲ.
ಸರಿ. ಶಿ.